ಬೆಲ್ಟಿನ ಮೇಲೆ ಬಿದ್ದ ತಾರೀಖು

ಬೂದು ಕೋಟಿನವರು ಡಬ್ಬಿಗೆ ತಾರೀಖು ಒತ್ತುವ ಆ ಪ್ರಿಂಟರಿನ ಪರದೆಯನ್ನು ಮುಟ್ಟುವ ಹಾಗಿರಲಿಲ್ಲ. ಅದರ ಅಡಿಯಲ್ಲಿ ಸೋರಿದ ಇಂಕನ್ನು ಮಂಡಿಯೂರಿ ಒರೆಸಬಹುದಿತ್ತು. ಅದರ ಪಕ್ಕದ ರೋಲರಿಗೆ ಬೆರಳು ಕೊಡಬಹುದಿತ್ತು. ಮೋಟ ಕೊಟ್ಟಿದ್ದ. ಬಲಗೈಯ ತೋರುಬೆರಳು, ಮೊದಲ ಗೆಣ್ಣಿನವರೆಗೆ, ಉಗುರಿನ ಸಮೇತ. ಆವತ್ತಿನಿಂದ ಅವನು ಮೋಟ. ಒಡಹುಟ್ಟಿದ ಅಕ್ಕನೂ ಹಾಗೇ ಕರೆಯುತ್ತಾಳೆ. ಬೆರಳು ತಿನ್ನುವಾಗ ಯಂತ್ರ ಕೋಟಿನ ಬಣ್ಣ ಕೇಳಲಿಲ್ಲ. ಪರದೆಯ ನೆತ್ತಿಗೆ ಅಂಟಿಸಿದ್ದ ಕೆಂಪು ಚೀಟಿ ಮಾತ್ರ ಕೇಳುತ್ತಿತ್ತು: ಗುತ್ತಿಗೆ ಕಾರ್ಮಿಕರು ಮುಟ್ಟಬಾರದು.

ಕಾಯಂ ನೌಕರರಿಗೆ ಬಿಳಿ ಕೋಟು, ಗುತ್ತಿಗೆಯವರಿಗೆ ಬೂದು. ಬಿಳಿಗೆ ತಣ್ಣೀರಿನ ಯಂತ್ರ, ಬೂದಿಗೆ ಕಕ್ಕಸಿನ ಪಕ್ಕದ ನಲ್ಲಿ. ಬಿಳಿಗೆ ಕುರ್ಚಿ, ಬೂದಿಗೆ ನಿಲ್ಲಲು ನೆಲದ ಮೇಲೊಂದು ಹಳದಿ ಗೆರೆ. ಇಷ್ಟು ಕಲಿತರೆ ಆ ಕಾರ್ಖಾನೆಯ ವಿದ್ಯಾಭ್ಯಾಸ ಮುಗಿಯಿತು. ಮೋಟ ಏಳನೆಯ ತರಗತಿಗೇ ಶಾಲೆಗೆ ಕೈಮುಗಿದವನು. ಈ ಪಾಠಕ್ಕೆ ಅವನಿಗೆ ಅರ್ಧ ದಿನ ಸಾಕಾಯಿತು.

ಅಲ್ಲಿ ತಯಾರಾಗುತ್ತಿದ್ದದ್ದು ಮಕ್ಕಳ ಕೆಮ್ಮಿನ ಔಷಧ. ಬಾಟಲಿ ತುಂಬಿದ ರಟ್ಟಿನ ಡಬ್ಬಿಗಳು ಕ್ರೇಟಿನಲ್ಲಿ ಬರುತ್ತಿದ್ದವು. ಮೋಟ ಕ್ರೇಟನ್ನು ನೆಲದಿಂದ ಸೊಂಟಕ್ಕೆ, ಸೊಂಟದಿಂದ ಮೇಜಿಗೆ ಎತ್ತಬೇಕು, ಡಬ್ಬಿಗಳನ್ನು ಒಂದೊಂದಾಗಿ ಓಡುವ ಬೆಲ್ಟಿನ ಮೇಲೆ ಮಲಗಿಸಬೇಕು. ನಿಮಿಷಕ್ಕೆ ಅರವತ್ತು. ಸಂಜೆಯ ಹೊತ್ತಿಗೆ ಅವನ ಬೆನ್ನು ಅವನ ಮಾತು ಕೇಳುತ್ತಿರಲಿಲ್ಲ. ಮನೆಯಲ್ಲಿ ಚೊಂಬನ್ನೂ ಎರಡು ಕೈಯಲ್ಲಿ ಎತ್ತುತ್ತಿದ್ದ. ಬೆಲ್ಟಿನ ಇನ್ನೊಂದು ತುದಿಯಲ್ಲಿ ಅವನ ಅಕ್ಕ ಡಬ್ಬಿಗಳನ್ನು ಹಿಡಿದು ದೊಡ್ಡ ಪೆಟ್ಟಿಗೆಗೆ ತುಂಬುತ್ತಿದ್ದಳು. ಇಬ್ಬರ ನಡುವೆ ಪ್ರಿಂಟರು.

ಬೆಲ್ಟಿನ ಪಕ್ಕದಲ್ಲೊಂದು ಸೆನ್ಸರು ಇತ್ತು. ಕೆಲಸಗಾರರ ಬಾಯಲ್ಲಿ ಅದು ಕಣ್ಣು. ಡಬ್ಬಿಯ ಮುಂದಿನ ಅಂಚು ಕಣ್ಣಿಗೆ ಬಿದ್ದ ಕೂಡಲೇ ಪ್ರಿಂಟರು ಒಂದಿಷ್ಟು ಹೊತ್ತು ಕಾಯುತ್ತದೆ, ಆಮೇಲೆ ಇಂಕು ಉಗುಳುತ್ತದೆ. ಕಾಯುವ ಹೊತ್ತು ಸರಿಯಾಗಿದ್ದರೆ ಔಷಧ ಯಾವಾಗ ಕೆಡುತ್ತದೆ ಅನ್ನುವ ತಾರೀಖು ಡಬ್ಬಿಯ ಬಿಳಿ ಚೌಕದೊಳಗೆ ಕೂರುತ್ತದೆ. ರೆಪ್ಪೆ ಬಡಿಯುವ ಹೊತ್ತಿನ ಹತ್ತರಲ್ಲೊಂದು ಪಾಲು ಹೆಚ್ಚು ಕಾದರೂ ಡಬ್ಬಿ ಮುಂದೆ ಓಡಿರುತ್ತದೆ. ತಾರೀಖು ಹಿಂದಕ್ಕೆ ಜಾರಿ, ಹರಿದು ತೆಗೆಯುವ ಮುಚ್ಚಳದ ಮೇಲೆ ಬೀಳುತ್ತದೆ. ಮುಚ್ಚಳ ಕಸಕ್ಕೆ ಹೋದರೆ ತಾರೀಖೂ ಅದರ ಜೊತೆ ಕಸಕ್ಕೆ.

ಬೇರೆ ಕಾರ್ಖಾನೆಗಳಲ್ಲಿ ಬೆಲ್ಟಿನ ಓಟ ಅಳೆದು ಪ್ರಿಂಟರಿಗೆ ತಿಳಿಸಲು ಒಂದು ಪುಟ್ಟ ಚಕ್ರ ಇರುತ್ತದಂತೆ. ಇಲ್ಲಿಯ ಚಕ್ರ ಮುರಿದು ಎರಡು ವರ್ಷವಾಗಿತ್ತು. ಹಳೆಯ ಬೆಲ್ಟು ಬೆಳಿಗ್ಗೆ ಮೈಗಳ್ಳ, ಮೋಟಾರು ಕಾದ ಮೇಲೆ ಚುರುಕು. ದಿನಕ್ಕೆ ಮೂರು ಸಲವಾದರೂ ಯಾರಾದರೂ ಪರದೆಯ ಮೇಲೆ ಆ ಕಾಯುವ ಹೊತ್ತಿನ ನಂಬರು ತಿದ್ದಬೇಕಿತ್ತು.

ತಿದ್ದಬೇಕಾದವರು ಇಂಜಿನಿಯರ್ರು. ಬೂದು ಕೋಟಿನವರು ಹತ್ತಿರ ಸುಳಿದರೆ ಸಾಕು, ಈ ಮಹಾಶಯರು ಜೇಬಿನಿಂದ ಟಿಶ್ಯೂ ತೆಗೆದು ಪರದೆ ಒರೆಸಿ ಆಮೇಲೆ ಮುಟ್ಟುತ್ತಿದ್ದರು. ಅದಕ್ಕೇ ಬೆನ್ನ ಹಿಂದೆ ಅವರ ಹೆಸರು ಟಿಶ್ಯೂ ಸಾಹೇಬರು. ಗಾಜಿನ ಕೋಣೆಯಲ್ಲಿ ಕೂತು ಗೋಡೆಯ ಮೇಲಿನ ತಮ್ಮದೇ ಪ್ರಮಾಣಪತ್ರಗಳನ್ನು ನೋಡುವುದು ಅವರ ಮುಖ್ಯ ಕೆಲಸ. ಎದ್ದು ಇಪ್ಪತ್ತು ಹೆಜ್ಜೆ ನಡೆದು ನಂಬರು ತಿದ್ದುವುದು ಅವರ ಜೀವಕ್ಕೆ ಬಹಳ ಭಾರ.

ಹದಿನಾಲ್ಕು ತಿಂಗಳ ಹಿಂದೆ ಒಂದು ದಿನ, ತಾರೀಖು ಜಾರುತ್ತಿದೆ ಅಂತ ಮೋಟ ಗಾಜಿನ ಬಾಗಿಲು ತಟ್ಟಿದ. ಸಾಹೇಬರ ಬಾಯಿ ತುಂಬ ಬಿಸ್ಕತ್ತು.

"ನೀನೇ ತಿದ್ದೋ. ನನ್ನ ಮಗಳು ಹುಟ್ಟಿದ ದಿನ ಹಾಕು, ಪರದೆ ತೆರೆಯುತ್ತೆ. ಆಮೇಲೆ ಚೆನ್ನಾಗಿ ಒರೆಸು."

ಮಗಳು ಹುಟ್ಟಿದ ದಿನ ಯಾವುದು ಅಂತಲೂ ಅಲ್ಲಿಂದಲೇ ಕೂಗಿ ಹೇಳಿದರು. ಸಾಲಿನಲ್ಲಿದ್ದ ಆರು ಜನಕ್ಕೂ ಕೇಳಿಸಿತು. ಅದೇ ಪಾಸ್‌ವರ್ಡು. ಆವತ್ತಿನಿಂದ ಮೋಟ ತಿದ್ದಿದ. ತೋರುಬೆರಳು ಮೋಟಾದ ಕೈಯ ನಡುಬೆರಳಿನಿಂದ, ದಿನಕ್ಕೆ ಮೂರು ಸಲ, ಒಮ್ಮೊಮ್ಮೆ ಐದು ಸಲ. ಬೆಲ್ಟಿನ ಸದ್ದು ಎಳೆಯುತ್ತಿದ್ದರೆ ಎರಡು ಹೆಚ್ಚಿಗೆ, ಸದ್ದು ಬಿಗಿಯಾಗಿದ್ದರೆ ಮೂರು ಕಮ್ಮಿ. ಹೀಗೆ ಅವನದೇ ಒಂದು ಶಾಸ್ತ್ರ ಬೆಳೆಯಿತು. ಯಂತ್ರದ ನೆನಪಿನಲ್ಲಿ ಮಾತ್ರ ಪ್ರತಿ ಸಲವೂ ಬೀಳುತ್ತಿದ್ದದ್ದು ಟಿಶ್ಯೂ ಸಾಹೇಬರ ಹೆಸರು. ಒಂದೂ ಡಬ್ಬಿ ವಾಪಸ್ ಬರದ ವರ್ಷ ಅಂತ ಅವರಿಗೆ ಒಂದು ಫಲಕ ಕೊಟ್ಟರು. ಅವರು ಅದನ್ನೂ ಗೋಡೆಗೆ ಹಾಕಿಕೊಂಡರು.

ಹೀಗಿರುವಾಗ ಕಂಪನಿಯ ಪತ್ರಿಕೆಯವರು ಫೋಟೊ ತೆಗೆಯಲು ಬಂದರು. ಪ್ರಿಂಟರನ್ನು ಹೊಂದಿಸುತ್ತಿರುವ ಇಂಜಿನಿಯರ್ ಬೇಕಿತ್ತು. ಸಾಹೇಬರು ತಲೆ ಬಾಚಿಕೊಂಡು ಬಂದರು. ತುಂಬಿದ ಡಬ್ಬಿ ಕೈಗೆ ಭಾರ, ಮೇಲೆ ಔಷಧದ ಅಂಟು ಬೇರೆ. ಅವರು ಖಾಲಿ ಡಬ್ಬಿಗಳನ್ನು ತರಿಸಿದರು. ಖಾಲಿ ಡಬ್ಬಿ ಹಗುರ. ಪಕ್ಕದ ಕಂಬಿಗೆ ಉಜ್ಜಿಕೊಂಡು ಬೆಲ್ಟಿಗಿಂತ ನಿಧಾನವಾಗಿ ಹೋಗುತ್ತದೆ. ತುಂಬಿದ್ದು ಬೆಲ್ಟನ್ನು ಅಪ್ಪಿ ಹಿಡಿದು ಅದರ ಜೊತೆಗೇ ಓಡುತ್ತದೆ. ಒಂದೇ ಒಂದು ದಿನ ಎತ್ತಿ ಇಟ್ಟವನಿಗೂ ಇದು ಗೊತ್ತು. ಎತ್ತದವನಿಗೆ ಹೇಗೆ ಗೊತ್ತಾಗಬೇಕು.

ಸಾಹೇಬರು ನಂಬರು ಹೆಚ್ಚಿಸಿ ಹೆಚ್ಚಿಸಿ, ಖಾಲಿ ಡಬ್ಬಿಯ ಚೌಕದೊಳಗೆ ತಾರೀಖು ಚಂದವಾಗಿ ಕೂರುವ ಹಾಗೆ ಮಾಡಿದರು. ಹಲ್ಲು ಬಿಟ್ಟರು. ಫೋಟೊ ಬಿತ್ತು.

"ಸಾರ್, ಒಂದು ತುಂಬಿದ್ದು ಇಟ್ಟು ನೋಡಿ," ಅಂದ ಮೋಟ. "ಈ ನಂಬರಿಗೆ ತಾರೀಖು ಮುಚ್ಚಳದ ಮೇಲೆ ಹೋಗುತ್ತೆ."

ಪತ್ರಿಕೆಯವರು ತಿರುಗಿ ನೋಡಿದರು. ಸಾಹೇಬರ ಕಿವಿ ಕೆಂಪಾಯಿತು.

"ನೀನು ಎಷ್ಟು ಓದಿದೀಯೋ?"

"ಏಳು ಸಾರ್."

"ನೀನು ಓದಿದ್ದರ ಮೇಲೆ ನಾನು ಇನ್ನೂ ಒಂಬತ್ತು ವರ್ಷ ಓದಿದೀನಿ. ಆ ಚೀಟಿ ಓದೋಕಾದ್ರೂ ಬರುತ್ತಾ? ಓದು. ಜೋರಾಗಿ."

ಮೋಟ ಓದಿದ. ಎಲ್ಲರೆದುರು ಓದಿದ. ಗುತ್ತಿಗೆ ಕಾರ್ಮಿಕರು ಮುಟ್ಟಬಾರದು. ಪತ್ರಿಕೆಯವರಲ್ಲಿ ಒಬ್ಬ ನಕ್ಕ. ಸಾಹೇಬರು ಅಲ್ಲೇ ನಿಂತು, ಅಂಕಿ ಯಾರಿಗೂ ಕಾಣದ ಹಾಗೆ ಪರದೆಗೆ ಮೈ ಅಡ್ಡ ಹಿಡಿದು, ಪಾಸ್‌ವರ್ಡನ್ನೂ ಬದಲಿಸಿ ಗಾಜಿನ ಕೋಣೆಗೆ ಹೋದರು. ಆಗ ಹನ್ನೊಂದು ಗಂಟೆ. ಸಂಜೆಯ ತನಕ ತುಂಬಿದ ಡಬ್ಬಿಗಳು ಮುಚ್ಚಳದ ಮೇಲೆ ತಾರೀಖು ಹೊತ್ತುಕೊಂಡು ಹೋದವು. ಆ ತುದಿಯಲ್ಲಿ ಅಕ್ಕ ಕೈ ಎತ್ತಿ, ತಾರೀಖು ಮುಚ್ಚಳದ ಮೇಲಿದೆ ಅಂತ ಹೇಳಿದಳು. ನಿನ್ನನ್ನ ಇಟ್ಟಿರೋದು ತುಂಬೋಕೆ, ಓದೋಕಲ್ಲ ಅಂದ ಮೇಲ್ವಿಚಾರಕ. ಆರು ತಾಸಿನ ಮಾಲು ಹಾಗೇ ಲಾರಿ ಹತ್ತಿತು.

ಮರುದಿನ ಬೆಳಿಗ್ಗೆ ಸಾಹೇಬರಿಗೆ ಮತ್ತೆ ಸೋಮಾರಿತನ. ಹೊಸ ಪಾಸ್‌ವರ್ಡು ಹೆಂಡತಿಯ ಫೋನಿನ ಕೊನೆಯ ನಾಲ್ಕು ಅಂಕಿ. ಅದನ್ನೂ ಕುರ್ಚಿಯಿಂದಲೇ ಕೂಗಿದರು. ಮೋಟ ತಿದ್ದಿದ. ತಾರೀಖು ಚೌಕಕ್ಕೆ ವಾಪಸ್ ಬಂತು.

ಮೂರು ವಾರಕ್ಕೆ ಡಬ್ಬಿಗಳೂ ವಾಪಸ್ ಬಂದವು. ಒಂದು ಲಾರಿ ತುಂಬ. ಅಂಗಡಿಯವರು ಮುಚ್ಚಳ ಹರಿದರೆ ತಾರೀಖೇ ಇಲ್ಲ. ಮಗುವಿಗೆ ಕುಡಿಸುವ ಔಷಧ, ಹೊಸದೋ ಕೆಟ್ಟದ್ದೋ ಕೇಳುವುದು ಯಾರನ್ನು. ಕೊಳ್ಳುವ ಕಂಪನಿಯವರು ತಪಾಸಣೆಗೆ ಒಬ್ಬ ಅಧಿಕಾರಿಯನ್ನು ಕಳಿಸುತ್ತೇವೆ ಅಂತ ಪತ್ರ ಬರೆದರು. ಅವರು ಬರುವ ದಿನ ಬೆಳಿಗ್ಗೆ ಮ್ಯಾನೇಜರ್ ಮೋಟನನ್ನು ಕರೆಸಿದರು.

ಕೋಣೆಯಲ್ಲಿ ಎರಡು ಕುರ್ಚಿ ಖಾಲಿ ಇದ್ದವು. ಕೂರು ಅನ್ನಲಿಲ್ಲ. ಟಿಶ್ಯೂ ಸಾಹೇಬರು ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದರು, ಅಲ್ಲಿ ಏನೋ ಘನವಾದದ್ದು ನಡೆಯುತ್ತಿದೆ ಅನ್ನುವ ಹಾಗೆ. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ. ಅನುಮತಿಯಿಲ್ಲದೆ ಯಂತ್ರವನ್ನು ಮುಟ್ಟಿ ಈ ಹಾನಿಗೆ ನಾನೇ ಕಾರಣನಾಗಿದ್ದೇನೆ.

"ಸಹಿ ಹಾಕು," ಅಂದರು ಮ್ಯಾನೇಜರ್. "ಯಂತ್ರ ಮುಟ್ಟಿದೀಯೋ ಇಲ್ವೋ?"

"ಮುಟ್ಟಿದೀನಿ ಸಾರ್. ಹದಿನಾಲ್ಕು ತಿಂಗಳು ದಿನಾ ಮುಟ್ಟಿದೀನಿ. ಆ ಒಂದು ದಿನ ಮುಟ್ಟಿಲ್ಲ. ಆ ಒಂದು ದಿನದ್ದೇ ವಾಪಸ್ ಬಂದಿರೋದು."

"ನನ್ನ ಪಾಸ್‌ವರ್ಡ್ ಕದ್ದಿದಾನೆ ಸಾರ್," ಅಂದರು ಸಾಹೇಬರು, ಕಿಟಕಿಗೆ.

"ಕದಿಯೋಕೆ ಅದನ್ನ ಎಲ್ಲಿ ಬಚ್ಚಿಟ್ಟಿದ್ರಿ ಸಾರ್? ಬಿಸ್ಕತ್ತಿನ ಜೊತೆ ಉಗುಳಿದ್ರಿ, ಇಡೀ ಸಾಲಿಗೆ ಕೇಳಿಸ್ತು." ಮೋಟ ಮ್ಯಾನೇಜರ್ ಕಡೆ ತಿರುಗಿದ. "ಆವತ್ತು ಹನ್ನೊಂದಕ್ಕೆ ಅವರೇ ಪಾಸ್‌ವರ್ಡ್ ಬದಲಾಯಿಸಿದಾರೆ. ಮಾರನೇ ದಿನದ ತನಕ ನನಗೆ ಅದು ಗೊತ್ತೇ ಇಲ್ಲ. ಎಷ್ಟು ಹೊತ್ತಿಗೆ ಬದಲಾಯ್ತು ಅಂತ ಯಂತ್ರದಲ್ಲಿರುತ್ತೆ. ತೆಗೆದು ನೋಡಿ."

ಮ್ಯಾನೇಜರ್ ಡ್ರಾಯರು ಎಳೆದು ಇನ್ನೊಂದು ಹಾಳೆ ತೆಗೆದರು. ಯಂತ್ರದ ನೆನಪು, ಸಾಲುಸಾಲಾಗಿ ಅಚ್ಚಾಗಿತ್ತು. ಹನ್ನೊಂದು ಗಂಟೆಯ ಸಾಲಿನ ಕೆಳಗೆ ಯಾರೋ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದರು.

"ನೋಡಿದೀನಿ," ಅಂದರು.

ಮೋಟ ಆ ಪೆನ್ಸಿಲ್ ಗೆರೆಯನ್ನೇ ನೋಡಿದ. ಸುಳ್ಳನ್ನು ನಂಬಿದವರ ಎದುರು ನಿಜ ಹೇಳಬಹುದು. ಈ ಮನುಷ್ಯ ನಿಜವನ್ನು ಡ್ರಾಯರಿನಲ್ಲಿಟ್ಟುಕೊಂಡು ಕೂತಿದ್ದರು.

"ನೋಡು, ಅವರ ಹೆಸರು ಬರೆದ್ರೆ ಕಂಪನಿ ಮರ್ಯಾದೆ ಹೋಗುತ್ತೆ. ನಿನ್ನ ಹೆಸರು ಬರೆದ್ರೆ ಏನೂ ಹೋಗಲ್ಲ."

"ನನ್ನ ಹೆಸರು ಹೋಗುತ್ತಲ್ಲ ಸಾರ್."

"ಅದನ್ನೇ ಹೇಳಿದ್ದು. ಏನೂ ಹೋಗಲ್ಲ."

ಅಷ್ಟು ಮೆತ್ತಗೆ ಹೇಳಿದರು, ಮಗುವಿಗೆ ಔಷಧ ಕುಡಿಸುವ ಹಾಗೆ. ಸಹಿ ಹಾಕಿದರೆ ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತಾರಂತೆ. ಹಾಕದಿದ್ದರೆ ಅವನೂ ಹೊರಗೆ, ಅವನ ಅಕ್ಕನೂ ಹೊರಗೆ. ತಪಾಸಣೆ ಮುಗಿಯುವ ತನಕ ಯೋಚನೆ ಮಾಡಲು ಬಿಟ್ಟರು.

ಮಧ್ಯಾಹ್ನ ಊಟದ ಶೆಡ್ಡಿನಲ್ಲಿ ಅಕ್ಕ ಬುತ್ತಿ ಡಬ್ಬಿಯ ಮುಚ್ಚಳ ತೆಗೆಯುತ್ತಾ ಕೇಳಿದಳು.

"ಸಹಿ ತಾನೇ? ಗೀಚಿ ಬಿಸಾಕು. ನಿನ್ನ ಸಹಿ ನೋಡಿದ್ರೆ ಯಾರಿಗೂ ಯಾರದ್ದು ಅಂತ ಗೊತ್ತಾಗಲ್ಲ."

"ಯಂತ್ರ ಕೆಡಿಸಿದೋನು ಅಂತ ಆಗುತ್ತೆ ಅಕ್ಕ."

"ಆಗ್ಲಿ. ಬೆರಳು ಕೊಟ್ಟೋನಿಗೆ ಹೆಸರು ದೊಡ್ಡದಾ?"

"ಬೆರಳು ಹೋದಾಗ ಅದು ನನ್ನದೇ ಅಂತ ಗೊತ್ತಿತ್ತು. ಈಗ ಅವನು ಮಾಡಿದ್ದನ್ನ ನಾನು ಮಾಡ್ದೆ ಅಂತ ಬರ್ಕೊಡ್ಬೇಕು, ನಾನು ಮಾಡಿದ್ದನ್ನ ಅವನು ಗೋಡೆಗೆ ಹಾಕ್ಕೋಬೇಕು. ಇಷ್ಟು ವರ್ಷ ಈ ಕಾರ್ಖಾನೇಲಿ ನಾನು ಸರಿಯಾಗಿ ಮಾಡಿದ್ದು ಅದೊಂದೇ ಅಕ್ಕ. ಅದನ್ನೂ ಕೊಟ್ಬಿಟ್ರೆ ನನ್ನ ಹತ್ರ ಉಳಿಯೋದೇನು, ಈ ಬೂದು ಕೋಟಾ?"

ಅಕ್ಕ ಎರಡು ತುತ್ತು ತಿಂದಳು. ಅವನಿಗೆ ಆರು ವರ್ಷವಾದಾಗಿನಿಂದ ಅವನನ್ನು ಸಾಕಿದವಳು ಅವಳು. ಅವನು ಮೊಂಡು ಹಿಡಿದರೆ ಮೂಗು ಹಿಗ್ಗುವುದು ಅವಳಿಗೆ ಗೊತ್ತು.

"ಕೋಟೂ ಅವರದ್ದೇ ಕಣೋ," ಅಂದಳು. "ಬಿಚ್ಚಿಸ್ಕೊಂಡೇ ಕಳಿಸ್ತಾರೆ." ಆಮೇಲೆ ಡಬ್ಬಿಯನ್ನು ಅವನ ಕಡೆ ತಳ್ಳಿದಳು. "ತಿನ್ನು. ಹೊಟ್ಟೆ ತುಂಬಿದ್ರೆ ಬಾಯಿ ಗಟ್ಟಿಯಾಗಿರುತ್ತೆ."

ಎರಡು ಗಂಟೆಗೆ ತಪಾಸಣೆಯ ಅಧಿಕಾರಿ ಬಂದರು. ನಡುವಯಸ್ಸಿನ ಹೆಂಗಸು, ಕೈಯಲ್ಲೊಂದು ಪುಸ್ತಕ, ಕಾಲಿನಲ್ಲಿ ಕೆಲಸದ ಬೂಟು. ಮ್ಯಾನೇಜರ್ ಮುಂದೆ ಮುಂದೆ, ಟಿಶ್ಯೂ ಸಾಹೇಬರು ಹಿಂದೆ ಹಿಂದೆ. ಬೆಲ್ಟು ಓಡುತ್ತಿತ್ತು. ಬೆಳಿಗ್ಗೆ ಮೋಟ ತಿದ್ದಿದ್ದ ನಂಬರು ಇನ್ನೂ ನಿಂತಿತ್ತು. ಆ ಹೆಂಗಸು ಹತ್ತು ಡಬ್ಬಿ ಎತ್ತಿ ನೋಡಿದರು. ಹತ್ತರಲ್ಲೂ ತಾರೀಖು ಚೌಕದ ನಡುಮಧ್ಯೆ.

"ಇದನ್ನ ಹೊಂದಿಸೋದು ಯಾರು?"

"ನಾನೇ ಮೇಡಂ," ಅಂದರು ಸಾಹೇಬರು. "ಪ್ರತಿದಿನ ನಾನೇ."

ಮೋಟ ಕ್ರೇಟು ಎತ್ತುತ್ತಿದ್ದ. ಎತ್ತಿದ. ಇಟ್ಟ. ಇನ್ನೊಂದು ಎತ್ತಿದ.

ಅಲ್ಲಿಗೆ ಮುಗಿದಿದ್ದರೆ ಸಾಹೇಬರ ಗಂಡಾಂತರ ಕಳೆಯುತ್ತಿತ್ತು. ಆದರೆ ಮ್ಯಾನೇಜರ್‌ಗೆ ಹುರುಪು ಬಂತು. "ನಮ್ಮ ಸಾಲು ನಿಮಿಷಕ್ಕೆ ತೊಂಬತ್ತೂ ಮಾಡುತ್ತೆ ಮೇಡಂ. ಬೇಕಾದ್ರೆ ಈಗ್ಲೇ ತೋರಿಸ್ತೀವಿ," ಅಂತ ವೇಗದ ಗುಂಡಿಯನ್ನು ತಾವೇ ತಿರುಗಿಸಿದರು. ಬೆಲ್ಟು ಕಿರ್ರೆಂದು ಹಾರಿತು. ಮೋಟನ ಕೈಗಳು ಅದರ ಹಿಂದೆ ಓಡಿದವು. ತಾರೀಖು ಚೌಕದಿಂದ ಜಾರಿ ಮುಚ್ಚಳಕ್ಕೆ ಹೋಯಿತು. ಆ ಹೆಂಗಸು ಒಂದು ಡಬ್ಬಿ ಎತ್ತಿ ಮುಚ್ಚಳ ಹರಿದರು. ತಾರೀಖು ಅವರ ಎರಡು ಬೆರಳುಗಳ ನಡುವೆ ಉಳಿಯಿತು.

"ಹೊಂದಿಸಿ," ಅಂದರು.

ಸಾಹೇಬರು ಟಿಶ್ಯೂ ತೆಗೆದರು. ಪರದೆ ಒರೆಸಿದರು. ಇನ್ನೊಮ್ಮೆ ಒರೆಸಿದರು. ಒರೆಸುವುದಕ್ಕೆ ಇನ್ನೇನೂ ಉಳಿಯದಾಗ ನಂಬರು ನೋಡಿದರು. ಇನ್ನೂರ ಇಪ್ಪತ್ತನಾಲ್ಕು. ಬೆಲ್ಟು ಜೋರಾದರೆ ಡಬ್ಬಿ ಬೇಗ ಬರುತ್ತದೆ, ಕಾಯುವ ಹೊತ್ತು ಇಳಿಯಬೇಕು. ಅವರಿಗೆ ಹಾಗೆ ಹೊಳೆಯಲಿಲ್ಲ. ವೇಗ ಏರಿತು, ನಂಬರೂ ಏರಬೇಕು ಅಂತ ಅವರ ಹೆಚ್ಚಿನ ಒಂಬತ್ತು ವರ್ಷದ ಓದು ಹೇಳಿತು. ಮುನ್ನೂರು ಹಾಕಿದರು.

ಪ್ರಿಂಟರು ಶಿಸ್ತಿನಿಂದ ಮುನ್ನೂರು ಕಾಯಿತು. ಅಷ್ಟರಲ್ಲಿ ಡಬ್ಬಿ ಮುಂದೆ ಹೋಗಿಯಾಗಿತ್ತು. ತಾರೀಖು ಬರಿಯ ಬೆಲ್ಟಿನ ಮೇಲೆ ಬಿತ್ತು. ಕಪ್ಪು ರಬ್ಬರಿನ ಮೇಲೆ, ಒಂದಾದ ಮೇಲೊಂದು, ಅಚ್ಚುಕಟ್ಟಾಗಿ. ಔಷಧಕ್ಕೆ ತಾರೀಖಿಲ್ಲ, ಬೆಲ್ಟಿಗೆ ನೂರು ತಾರೀಖು. ಆ ತುದಿಯಲ್ಲಿ ಅಕ್ಕ ಖಾಲಿ ಚೌಕದ ಡಬ್ಬಿಗಳನ್ನು ಹಿಡಿದು ಪೆಟ್ಟಿಗೆಗೆ ಹಾಕದೆ ನೆಲದ ಮೇಲೆ ಪೇರಿಸತೊಡಗಿದಳು. ಅವಳ ಪಕ್ಕದವಳೂ ಹಾಗೇ ಮಾಡಿದಳು.

ಸಾಹೇಬರ ಹಣೆ ಬೆವರಿತು. ಟಿಶ್ಯೂ ಅಲ್ಲಿಗೆ ಹೋಯಿತು. ಅವರು ಬಗ್ಗಿ, ತುಟಿ ಅಲುಗದ ಹಾಗೆ ಉಸುರಿದರು.

"ಎಷ್ಟೋ?"

ಮೋಟನಿಗೆ ಗೊತ್ತಿತ್ತು. ಬೆಲ್ಟಿನ ಸದ್ದಿನಲ್ಲೇ ಕೇಳಿಸುತ್ತಿತ್ತು. ನೂರ ಐವತ್ತಕ್ಕೆ ಎರಡು ಆಚೆ ಈಚೆ. ನಂಬರು ನಾಲಿಗೆಯ ತುದಿಗೆ ಬಂದು ಕೂತಿತ್ತು. ಹದಿನಾಲ್ಕು ತಿಂಗಳಿನ ಅಭ್ಯಾಸ, ಕೈ ತಾನಾಗಿ ಪರದೆಯ ಕಡೆ ಹೊರಟಿತ್ತು. ಅವನು ಆ ಕೈಯನ್ನು ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿದ. ಇನ್ನೊಂದನ್ನೂ ಕಟ್ಟಿದ. ಬೆಲ್ಟಿನ ಮೇಲೆ ಡಬ್ಬಿ ಬರುವುದು ನಿಂತಿತು.

"ಏಯ್, ಎಷ್ಟು ಹೇಳೋ."

ಮೋಟ ಅವರ ಮುಖ ನೋಡಿದ. ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹೆದರಿದ ಮುಖ, ಅಷ್ಟೇ. ಇದಕ್ಕೆ ಇಷ್ಟು ದಿನ ಸಾರ್ ಸಾರ್ ಅಂದೆನಲ್ಲ ಅಂತ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಬೆನ್ನ ಹಿಂದಿನ ಕೈ ಬಿಡಿಸಲಿಲ್ಲ.

ಆ ಹೆಂಗಸು ಪುಸ್ತಕದಲ್ಲಿ ಏನೋ ಬರೆದರು. "ಸಾಲು ನಿಲ್ಲಿಸಿ. ಈ ವೇಗಕ್ಕೆ ಸರಿಯಾಗಿ ಹೊಂದಿಸಿ ತೋರಿಸೋವರೆಗೆ ಒಂದು ಡಬ್ಬಿಯೂ ಹೊರಗೆ ಹೋಗಬಾರದು. ನಾನು ಕಾಯ್ತೀನಿ." ಒಂದು ಕುರ್ಚಿ ತರಿಸಿಕೊಂಡು ಅಲ್ಲೇ ಕೂತರು.

ಮ್ಯಾನೇಜರ್ ಮೋಟನನ್ನು ರಟ್ಟೆ ಹಿಡಿದು ಹಿಂದಿನ ಬಾಗಿಲಿಗೆ ಕರೆದೊಯ್ದರು. ಹಾಳೆ ಜೇಬಿನಲ್ಲೇ ಇತ್ತು. "ಮೊದಲು ಸಹಿ. ಆಮೇಲೆ ಒಳಗೆ ಹೋಗಿ ನಂಬರ್ ಹೇಳು. ಒತ್ತೋದು ಅವರು, ಹೇಳೋದು ನೀನು. ನೀನು ಮುಟ್ಟೋ ಹಾಗಿಲ್ಲ."

ಮೋಟ ಹಾಳೆ ತೆಗೆದುಕೊಂಡ. ಪೆನ್ನನ್ನೂ ತೆಗೆದುಕೊಂಡ. ಗೋಡೆಗೆ ಆನಿಸಿ, ಟೈಪು ಮಾಡಿದ ಸಾಲಿನ ಕೆಳಗೆ ತನ್ನ ವಕ್ರ ಅಕ್ಷರದಲ್ಲಿ ಬರೆದ. ಆವತ್ತು ಒಂದು ದಿನ ಬಿಟ್ಟು ಎಲ್ಲಾ ದಿನ ನಾನೇ ಮುಟ್ಟಿದ್ದೇನೆ. ಅದರ ಕೆಳಗೆ ಸಹಿ ಹಾಕಿದ. ಮ್ಯಾನೇಜರ್ ಓದಿ ಹರಿದರು. ನಾಲ್ಕು ಚೂರು, ಎಂಟು ಚೂರು.

"ಹೊರಗೆ ಹೋಗು. ಕೋಟು ಬಿಚ್ಚಿಟ್ಟು ಹೋಗು. ನಿನ್ನ ಅಕ್ಕನ್ನೂ ಕರ್ಕೊಂಡು ಹೋಗು."

ಅಕ್ಕ ಆಗಲೇ ಬಾಗಿಲ ಹತ್ತಿರ ಬಂದಿದ್ದಳು, ಕೋಟು ಮಡಿಸಿ ಕಂಕುಳಲ್ಲಿಟ್ಟುಕೊಂಡು. ಅದನ್ನು ಮ್ಯಾನೇಜರ್ ಕೈಗೆ ಕೊಟ್ಟಳು. "ಒಗೆದು ಇಟ್ಕೊಳ್ಳಿ. ಬೆವರು ನಂದು," ಅಂದಳು.

ಗೇಟು ದಾಟಿ ಬಸ್ ನಿಲ್ಲುವ ಜಾಗಕ್ಕೆ ನೂರು ಹೆಜ್ಜೆ. ಬಸ್ಸು ಬರುವ ಮುಂಚೆ ಮೋಟನ ಫೋನು ಬಡಿದುಕೊಂಡಿತು.

"ನಾನು ಕಣೋ, ಇಂಜಿನಿಯರ್. ಒಂದು ನಂಬರ್ ಹೇಳ್ಬಿಡು. ಏನೇನೋ ಹಾಕ್ದೆ, ಕೂರ್ತಾ ಇಲ್ಲ. ಆಯಮ್ಮ ಎದ್ದೇಳ್ತಾ ಇಲ್ಲ. ನಿನ್ನ ಕೆಲಸ ವಾಪಸ್ ಕೊಡ್ಸೋ ಜವಾಬ್ದಾರಿ ನಂದು."

"ಸ್ಪೀಕರ್ ಹಾಕಿ ಸಾರ್."

"ಯಾಕೆ?"

"ಹಾಕಿ ಅಂದೆ. ಮೇಡಂಗೆ ಕೇಳೋ ಹಾಗೆ ಹೇಳಿ, ಹದಿನಾಲ್ಕು ತಿಂಗಳು ನಂಬರ್ ಹಾಕಿದ್ದು ಯಾರು, ಆವತ್ತು ಖಾಲಿ ಡಬ್ಬಿ ಇಟ್ಟು ಹಾಕಿದ್ದು ಯಾರು. ಅಷ್ಟು ಹೇಳಿದ್ರೆ ಸಾಕು. ಬಂದು ನಾನೇ ಹಾಕ್ಕೊಡ್ತೀನಿ."

ಆ ಕಡೆ ದೂರದಲ್ಲಿ ಆ ಹೆಂಗಸಿನ ದನಿ ಕೇಳಿಸಿತು. "ಯಾರನ್ನ ಕೇಳ್ತಿದೀರಿ? ಯಾರದು ಫೋನಿನಲ್ಲಿ?"

"ಯಾರೂ ಅಲ್ಲ ಮೇಡಂ," ಅಂದರು ಸಾಹೇಬರು. ಫೋನು ಕಟ್ಟಾಯಿತು.

ಬಸ್ಸು ಬಂದು ನಿಂತಿತು. ಅಕ್ಕ ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿ ನೋಡಿದಳು. ಮೋಟ ಹತ್ತಲಿಲ್ಲ. ಬಂದ ದಾರಿಯಲ್ಲಿ ಹೊರಟಿದ್ದ, ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತಾ. ಅವಳು ಕಾಲು ಇಳಿಸಿ ಹಿಂದೆ ಬಂದಳು. ಗೇಟಿನಲ್ಲಿ ವಾಚ್‌ಮನ್ ಕೋಲು ಅಡ್ಡ ಹಿಡಿದ.

"ಒಳಗೆ ಬಿಡಬಾರದು ಅಂತ ಹೇಳಿದಾರೆ ಕಣಪ್ಪಾ."

"ಒಳಗೆ ಬರಲ್ಲ. ತಪಾಸಣೆಗೆ ಬಂದಿರೋ ಮೇಡಂ ವಾಪಸ್ ಹೋಗೋದು ಇದೇ ಗೇಟಿಂದ ತಾನೇ?"

"ಇನ್ನೆಲ್ಲಿಂದ ಹೋಗ್ತಾರೆ? ಇರೋದೇ ಒಂದು."

"ಹಾಗಾದ್ರೆ ಸರಿ."

ಕಾರುಗಳು ಬರುವ ದಾರಿಯ ನಟ್ಟನಡುವೆ ಮೋಟ ಚಕ್ಕಳಮಕ್ಕಳ ಹಾಕಿ ಕೂತ. ಡಾಂಬರು ಸುಡುತ್ತಿತ್ತು.

"ಎಲ್ಲಾ ಹೇಳ್ತೀಯಾ?" ಕೇಳಿದಳು ಅಕ್ಕ.

"ಎಲ್ಲಾ. ಡ್ರಾಯರಲ್ಲಿರೋ ಹಾಳೆ ತನಕ."

ವಾಚ್‌ಮನ್ ಎಬ್ಬಿಸಲು ಬಂದ. ಅಕ್ಕ ಸೆರಗಿನಿಂದ ನೆಲ ಕೊಡವಿ ತಮ್ಮನ ಪಕ್ಕದಲ್ಲಿ ಕೂತಳು, ಉಳಿದ ದಾರಿಗೆ ಅಡ್ಡವಾಗಿ ಎರಡೂ ಕಾಲು ಚಾಚಿ.